ಜೊಲ್ಲಿನ ಡಬ್ಬಿ ಮೇಲೆ ಬರೆಯದೆ ಬಿಟ್ಟಿದ್ದು

ಬಾಯಿ ಹುಣ್ಣು ಅಂದರೆ ನಮ್ಮಲ್ಲಿ ಒಂದೇ ಮಾತು: 'ಹೀಟ್ ಆಗಿದೆ, ಎಳನೀರು ಕುಡಿ'. ಬಾಯಿಯ ಕಾಯಿಲೆಗಳ ವಿಭಾಗವಾದ ಓರಲ್ ಮೆಡಿಸಿನ್‌ನಲ್ಲಿ ಎಂಡಿಎಸ್, ಅಂದರೆ ದಂತವೈದ್ಯದ ಸ್ನಾತಕೋತ್ತರ ಪದವಿ, ಮಾಡುವಾಗ ನನ್ನ ಥೀಸಿಸ್ ಇದೇ ಹುಣ್ಣಿನ ಮೇಲೆ. ಪದೇಪದೇ ಹುಣ್ಣಾಗುವವರ ಜೊಲ್ಲಿನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಇರುತ್ತದಾ ಅಂತ ನೋಡಬೇಕಿತ್ತು.

ದೇಹದಲ್ಲಿ ಹುಟ್ಟಿ, ತಗುಲಿದ್ದನ್ನು ಕೆಡಿಸುವ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚಾಗಿ, ಅವನ್ನು ಅಡಗಿಸುವ ಆಂಟಿಆಕ್ಸಿಡೆಂಟ್ ಸಾಲದೆ ಹೋದರೆ ಜೀವಕೋಶದ ಪೊರೆಯ ಕೊಬ್ಬು ಕೆಡುತ್ತದೆ; ಈ ಏರುಪೇರೇ ಆಕ್ಸಿಡೇಟಿವ್ ಸ್ಟ್ರೆಸ್. ಹಳೇ ಕೊಬ್ಬರಿ ಎಣ್ಣೆ ಕಮಟು ಹೊಡೆಯುತ್ತದಲ್ಲ, ಹೆಚ್ಚುಕಡಿಮೆ ಅದೇ ಕಥೆ. ಹಾಗೆ ಕೆಟ್ಟಾಗ ಹುಟ್ಟುವ ಮ್ಯಾಲೊನ್‌ಡೈಆಲ್ಡಿಹೈಡ್ ಅನ್ನು, ಅಂದರೆ ಎಂಡಿಎಯನ್ನು, ನಾವು ಅಳೆಯುತ್ತೇವೆ.

ಬೆಳಿಗ್ಗೆ 9ರಿಂದ 11ರೊಳಗೆ ಜೊಲ್ಲು ಹಿಡಿಯುತ್ತಿದ್ದೆ. ಅದಕ್ಕೂ ಒಂದೂವರೆ ಗಂಟೆ ಮೊದಲಿನಿಂದ ಏನೂ ತಿನ್ನುವಂತಿಲ್ಲ. ತಲೆ ಬಗ್ಗಿಸಿ ಕೂತು, ತಾನಾಗಿ ತುಂಬಿದ ಜೊಲ್ಲನ್ನು ಡಬ್ಬಿಗೆ ಬಿಡಬೇಕು. 'ಎಲ್ಲಾ ಕಡೆ ಉಗುಳಬೇಡಿ ಅಂತ ಬೋರ್ಡ್ ಹಾಕಿ, ಈಗ ಉಗುಳಿ ಅಂತೀರಲ್ಲ ಡಾಕ್ಟ್ರೇ' ಅಂತ ಒಬ್ಬ ಅಜ್ಜಿ ನಕ್ಕಿದ್ದರು. ರಕ್ತದ ಎಳೆ ಕಂಡರೆ ಆ ಸ್ಯಾಂಪಲ್ ಬಿಸಾಕಬೇಕು. ಉಳಿದದ್ದನ್ನು ಐಸ್‌ನಲ್ಲಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿ ತಿಳಿ ಬೇರೆ ಮಾಡಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಿದ್ದೆ. ಆಮೇಲೆ ಥಯೋಬಾರ್ಬಿಟ್ಯೂರಿಕ್ ಆ್ಯಸಿಡ್ ಬೆರೆಸಿ 95 ಡಿಗ್ರಿಗೆ ಕಾಯಿಸಿದರೆ, ಎಂಡಿಎ ಇದ್ದಷ್ಟೂ ಗುಲಾಬಿ ಬಣ್ಣ ಏಳುತ್ತದೆ. ಬಣ್ಣ ಎಷ್ಟು ಗಾಢ ಅಂತ 532 ನ್ಯಾನೋಮೀಟರ್ ಬೆಳಕಿನಲ್ಲಿ ರೀಡಿಂಗ್. ಮೊದಲ ಸಲ ಆ ಬಣ್ಣ ಬಂದಾಗ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ!

ಎಡವಟ್ಟು ಆಗಿದ್ದು ಬೇರೆ ಕಡೆ. ಹುಣ್ಣು ಅಂತ ಬಂದವರಲ್ಲಿ ಹೆಂಗಸರೇ ಜಾಸ್ತಿ. ಹುಣ್ಣಿಲ್ಲದವರ ಗುಂಪಿಗೆ ಸುಮ್ನೆ ಕೈಗೆ ಸಿಕ್ಕ ಹಾಸ್ಟೆಲ್ ಹುಡುಗರನ್ನು ಸೇರಿಸಿಕೊಂಡೆ. ಪೈಲಟ್, ಅಂದರೆ ಮೊದಲ ಪ್ರಾಯೋಗಿಕ ಸುತ್ತಿನ, ರಿಸಲ್ಟ್ ಸೊಗಸಾಗಿತ್ತು: ಹುಣ್ಣಿನವರಲ್ಲಿ ಎಂಡಿಎ ಜಾಸ್ತಿ, ಒಟ್ಟು ಆಂಟಿಆಕ್ಸಿಡೆಂಟ್ ಕಡಿಮೆ. ನನ್ನ ಗೈಡ್ ಟೇಬಲ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: 'ಇದು ಹುಣ್ಣಿನ ವ್ಯತ್ಯಾಸವೋ, ಗಂಡು ಹೆಣ್ಣಿನ ವ್ಯತ್ಯಾಸವೋ?'

ಬಾಯಿ ಬರಲಿಲ್ಲ. ಜೊಲ್ಲಿನ ಆಂಟಿಆಕ್ಸಿಡೆಂಟ್ ಶಕ್ತಿಯಲ್ಲಿ ದೊಡ್ಡ ಪಾಲು ಯೂರಿಕ್ ಆ್ಯಸಿಡ್‌ನದು. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್ ಅದನ್ನು ಕಿಡ್ನಿ ಮೂಲಕ ಹೊರಹಾಕಿಸುವುದರಿಂದ ಹೆಂಗಸರಲ್ಲಿ ಅದರ ಮಟ್ಟ ಮೊದಲೇ ಕಡಿಮೆ. ಅಂದರೆ ಹುಣ್ಣೇ ಇಲ್ಲದಿದ್ದರೂ ನನ್ನ ಟೇಬಲ್ ಅದೇ ಹೇಳಬಹುದಿತ್ತು. ಸಾಲದ್ದಕ್ಕೆ ಆ ಹುಡುಗರಲ್ಲಿ ಇಬ್ಬರು ಸಿಗರೇಟ್ ಸೇದುವವರು. ಸೇದುವವರಿಗೆ ಈ ಹುಣ್ಣು ಬರುವುದೇ ಕಡಿಮೆ, ಆಕ್ಸಿಡೇಟಿವ್ ಸ್ಟ್ರೆಸ್ ಮಾತ್ರ ಜಾಸ್ತಿ. ಸೇದುವುದು ಬಿಟ್ಟ ಮೇಲೆ ಹುಣ್ಣು ಶುರುವಾಯಿತು ಅಂತ ಬರುವವರೂ ಇದ್ದಾರೆ. ವಿಚಿತ್ರ ಅಲ್ವಾ?

ಮತ್ತೆ ಮೊದಲಿಂದ ಶುರು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು, ವಯಸ್ಸಿಗೆ ವಯಸ್ಸು. ಹಾರ್ಮೋನಿನ ಏರಿಳಿತ ಲೆಕ್ಕಕ್ಕೆ ಸಿಗಲಿ ಅಂತ ಡಬ್ಬಿಯ ಲೇಬಲ್ ಮೇಲೆ ಕಡೆಯ ಮುಟ್ಟಿನ ತಾರೀಖು. ಮೊದಲ ಸುತ್ತಿನಲ್ಲಿ ಸಂಕೋಚಕ್ಕೆ ಅದನ್ನು ಕೇಳಿಯೇ ಇರಲಿಲ್ಲ. ಕೇಳಿದ ಮೇಲೆ ಬೇರೆ ಮಾತುಗಳೂ ಹೊರಬಂದವು. 'ಮುಟ್ಟಿಗೆ ಎರಡು ದಿನ ಮುಂಚೆ ಬರುತ್ತೆ' ಅಂದರು ಒಬ್ಬರು. 'ಬಸುರಿ ಆಗಿದ್ದಾಗ ಒಂದೂ ಬರಲಿಲ್ಲ' ಅಂದರು ಇನ್ನೊಬ್ಬರು.

ಈ ಸಲ ಆಂಟಿಆಕ್ಸಿಡೆಂಟ್ ವ್ಯತ್ಯಾಸ ಕುಗ್ಗಿತು, ಎಂಡಿಎ ಮಾತ್ರ ಹುಣ್ಣಿನವರಲ್ಲಿ ಮೇಲೆಯೇ ಉಳಿಯಿತು. ಅದು ಹುಣ್ಣಿಗೆ ಕಾರಣವೋ, ಹುಣ್ಣಿನ ಜಾಗಕ್ಕೆ ನುಗ್ಗಿದ ಬಿಳಿ ರಕ್ತಕಣಗಳು ಕಾರಿದ್ದೋ ಅಂತ ನನ್ನ ಡಬ್ಬಿಗಳಿಂದ ಹೇಳಲಾಗುವುದಿಲ್ಲ. ಅದಕ್ಕೇ ಯಾರಿಗೂ ಸುಮ್ಮನೆ ಆಂಟಿಆಕ್ಸಿಡೆಂಟ್ ಮಾತ್ರೆ ಬರೆಯುವುದಿಲ್ಲ. ಮೊದಲು ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್, ವಿಟಮಿನ್ ಬಿ12 ಕಡಿಮೆ ಇದೆಯಾ ಅಂತ ನೋಡುತ್ತೇನೆ.

ಈಗ ನನ್ನ ಕೇಸ್ ಶೀಟಿನಲ್ಲಿ ಮುಟ್ಟಿನ ತಾರೀಖಿಗೆ ಒಂದು ಗೆರೆ ಇದೆ. ಹಲ್ಲಿನ ಡಾಕ್ಟರ್‌ಗೆ ಅದ್ಯಾಕೆ ಅಂತ ಕೆಲವರು ಹುಬ್ಬೇರಿಸುತ್ತಾರೆ. ಕಾಲೇಜು ಹುಡುಗಿಯರು ಮಾತ್ರ ಫೋನ್ ತೆಗೆದು ಆ್ಯಪ್ ನೋಡಿ ಹೇಳಿಬಿಡುತ್ತಾರೆ.