ಗೆರೆ ಸಪಾಟಾಗಿ ಬಂದ ದಿನ: ನನ್ನ ಬೆರಾ ಅನುಭವ

ನಾನು ಮುಂಬೈಯ ಮುಲುಂಡ್‌ನಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತೇನೆ. ಈ ಕಡೆ ಕಟ್ಟಡ ಕೆಲಸಕ್ಕೆ ವಿಜಯಪುರ, ಕಲಬುರಗಿಯಿಂದ ಬಂದವರು ಬಹಳ. ಕನ್ನಡದಲ್ಲಿ ಮಾತಾಡುತ್ತೇನೆ ಅಂತ ಗೊತ್ತಾಗಿ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಹಾಗೆ ಬಂದದ್ದು ನಾಲ್ಕು ತಿಂಗಳ ಕೂಸು, ಅದರ ತಾಯಿ, ಅಜ್ಜಿ.

"ತಾಟು ಬಡಿದ್ರ ಬೆಚ್ಚತಾನ್ರೀ ಮೇಡಂ. ಕರೆದ್ರ ಹೊರಳಿ ನೋಡಂಗಿಲ್ಲ" ಎಂದರು ಅಜ್ಜಿ. ಹುಟ್ಟಿದ ಮೂರನೇ ದಿನ ಕಾಮಾಲೆ ಜಾಸ್ತಿಯಾಗಿ ರಕ್ತ ಬದಲಾಯಿಸಿದ್ದರಂತೆ. ಕೈಯಲ್ಲೊಂದು ಚೀಟಿ ಇತ್ತು: ಒಎಇ ಎಂಬ ಕಿವಿ ತಪಾಸಣೆ, ಎರಡೂ ಕಿವಿ ಪಾಸ್.

ಒಎಇ ನೋಡುವುದು ಒಳಗಿವಿಯ ಹೊರಸಾಲಿನ ಕೂದಲು ಕೋಶಗಳನ್ನು. ಅಲ್ಲಿಂದ ಮುಂದೆ ನರದಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಕಾಣಿಸುವುದಿಲ್ಲ. ಕಾಮಾಲೆ ಪೆಟ್ಟು ಕೊಡುವುದು ಆ ನರ ಮತ್ತು ಮಿದುಳುಕಾಂಡಕ್ಕೇ. ಹಾಗಾಗಿ ಬೆರಾ, ಅಂದರೆ ಕ್ಲಿಕ್ ಸದ್ದು ಕೇಳಿಸಿ ನರ ಮತ್ತು ಮಿದುಳುಕಾಂಡ ಹೊರಡಿಸುವ ವಿದ್ಯುತ್ ಸಂಕೇತ ಹಿಡಿಯುವ ಪರೀಕ್ಷೆ, ಮಾಡಲೇಬೇಕಿತ್ತು.

ಬೆರಾದಲ್ಲಿ ಅರ್ಧ ಕೆಲಸ ನಿದ್ದೆಯದ್ದು. ಹಿಡಿಯಬೇಕಾದ ಸಂಕೇತ ಒಂದು ಮೈಕ್ರೋವೋಲ್ಟ್‌ಗಿಂತಲೂ ಕಡಿಮೆ. ಕೂಸು ಕತ್ತು ಬಿಗಿ ಮಾಡಿದರೂ ಮುಚ್ಚಿಹೋಗುತ್ತದೆ. ಅದಕ್ಕೇ ಸುಮಾರು 2000 ಕ್ಲಿಕ್ ಕೇಳಿಸಿ ಸರಾಸರಿ ತೆಗೆಯುತ್ತೇವೆ. "ದಾರಿಯಲ್ಲಿ ಮಲಗಿಸಬೇಡಿ, ಹಾಲು ಇಲ್ಲಿ ಬಂದು ಕುಡಿಸಿ" ಅಂತ ಹಿಂದಿನ ದಿನವೇ ಹೇಳಿದ್ದೆ. ಪಾಪ, ಆ ತಾಯಿ ಕಳವಾ ಸ್ಟೇಷನ್ನಿಂದ ಲೋಕಲ್ ಟ್ರೈನ್‌ನಲ್ಲಿ ನಿಂತು, ಕೂಸಿನ ಅಂಗಾಲು ಕೆರೆಯುತ್ತಾ ಬಂದಿದ್ದಳು.

ಎಲೆಕ್ಟ್ರೋಡ್ ಅಂಟಿಸಲು ಚರ್ಮ ಉಜ್ಜುವುದನ್ನು ನಾನು ಹಾಲಿಗೆ ಮೊದಲೇ ಮುಗಿಸುತ್ತೇನೆ. ಹಣೆ, ಎರಡೂ ಕಿವಿಗಳ ಹಿಂದೆ. ಮರಳಿನಂಥ ಜೆಲ್ ಹಚ್ಚಿ ಚರ್ಮ ತುಸು ಕೆಂಪಾಗುವ ತನಕ. ಅಳಲಿ, ಪರವಾಗಿಲ್ಲ, ಅತ್ತು ಸುಸ್ತಾದರೆ ನಿದ್ದೆ ಗಟ್ಟಿ. ಚರ್ಮದ ವಿದ್ಯುತ್ ತಡೆ 5 ಕಿಲೋ ಓಮ್‌ಗಿಂತ ಕೆಳಗೆ ಬರದೆ ನಾನು ಶುರು ಮಾಡುವುದಿಲ್ಲ. ಆಮೇಲೆ ಎಸಿ, ಟ್ಯೂಬ್‌ಲೈಟ್, ಎಲ್ಲರ ಮೊಬೈಲ್ ಬಂದ್. ಕೂಸು ಹಾಲು ಕುಡಿಯುತ್ತಾ ತಾಯಿಯ ಬಳೆ ಹಿಡಿದುಕೊಂಡಿತ್ತು. ಆ ಬೆರಳು ಸಡಿಲವಾಗಿ ಜಾರಿದಾಗ ಕಿವಿಯಲ್ಲಿ ಸದ್ದು ಕೇಳಿಸುವ ಇನ್ಸರ್ಟ್ ಇಟ್ಟೆ.

ಆ ಸಂಕೇತ ಗ್ರಾಫ್‌ನಲ್ಲಿ ಸಾಲು ಅಲೆಗಳಾಗಿ ಕಾಣುತ್ತದೆ. 1971ರಲ್ಲಿ ಜುವೆಟ್ ಮತ್ತು ವಿಲ್ಲಿಸ್ಟನ್ ಎಂಬ ಸಂಶೋಧಕರು ಈ ಅಲೆಗಳನ್ನು ವಿವರಿಸಿದರು. ನಾವು ಹುಡುಕುವುದು ಐದನೆಯದನ್ನು. ದೊಡ್ಡವರಲ್ಲಿ ಜೋರಾದ ಕ್ಲಿಕ್‌ಗೆ ಸುಮಾರು 5.5 ಮಿಲಿಸೆಕೆಂಡಿಗೆ ಬರುತ್ತದೆ, ಎಳೆ ಮಕ್ಕಳಲ್ಲಿ ಇನ್ನೊಂಚೂರು ತಡ. ಈ ಕೂಸಿಗೆ 90 ಡೆಸಿಬೆಲ್ ಕೊಟ್ಟರೂ ಇಲ್ಲ. ಗೆರೆ ಸಪಾಟು. ಶುರುವಿನಲ್ಲಿ ಮಾತ್ರ ಏನೋ ಸಣ್ಣ ಏರಿಳಿತ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಆಲ್ಟರ್ನೇಟಿಂಗ್ ಕ್ಲಿಕ್ ಒಂದರಲ್ಲೇ ಪರೀಕ್ಷೆ ಮುಗಿಸುತ್ತಿದ್ದೆ. ಅಂದರೆ ಒಂದು ಕ್ಲಿಕ್ ಕಿವಿಯ ಗಾಳಿಯನ್ನು ಒತ್ತಿದರೆ ಇನ್ನೊಂದು ಎಳೆಯುತ್ತದೆ. ಗ್ರಾಫ್ ಚೊಕ್ಕಟವಾಗಿ ಬರುತ್ತದೆ, ಆದರೆ ಆ ಸಣ್ಣ ಏರಿಳಿತ ಒಂದಕ್ಕೊಂದು ಕಳೆದುಹೋಗುತ್ತದೆ. 'ಪ್ರತಿಕ್ರಿಯೆ ಇಲ್ಲ' ಅಂತ ಬರೆದು ಕಳಿಸಿದ ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ತಪ್ಪು ದಾರಿ ತೋರಿಸಿದೆನೋ, ಆ ನೋವು ಇನ್ನೂ ಇದೆ. ಈಗ ಸಪಾಟು ಗೆರೆ ಕಂಡರೆ ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟು ನೋಡುತ್ತೇನೆ.

ಕೊಟ್ಟೆ. ಆ ಏರಿಳಿತ ಕನ್ನಡಿಯಲ್ಲಿ ನೋಡಿದ ಹಾಗೆ ತಲೆಕೆಳಗಾಯಿತು. ಯಂತ್ರದ್ದೇ ಕರಾಮತ್ತು ಇರಬಹುದಲ್ವಾ? ಶಬ್ದ ಹೋಗುವ ನಳಿಗೆಯನ್ನು ಬೆರಳಲ್ಲಿ ಮಡಚಿ ಹಿಡಿದೆ. ಏರಿಳಿತ ಮಾಯ; ಯಂತ್ರದ್ದಾಗಿದ್ದರೆ ಉಳಿಯುತ್ತಿತ್ತು. ಬಿಟ್ಟೆ, ಮತ್ತೆ ಬಂತು. ಅದು ಒಳಗಿವಿಯೇ ಹೊರಡಿಸುವ ಸಂಕೇತ, ಕಾಕ್ಲಿಯರ್ ಮೈಕ್ರೋಫೋನಿಕ್. ಒಳಗಿವಿ ಕೆಲಸ ಮಾಡುತ್ತಿದೆ, ನರದಲ್ಲಿ ತಾಳ ತಪ್ಪಿದೆ. ಆಡಿಟರಿ ನ್ಯೂರೋಪತಿ.

ತಾಯಿಗೆ ಹೇಳಲು ಮೆಷಿನ್ ಆರಿಸಿ ನೆಲದ ಮೇಲೆ ಕೂತೆ. "ನೋಡವ್ವಾ, ಶಬ್ದ ಬಾಗಿಲ ತನಕ ಹೋಗ್ತಾ ಇದೆ. ಒಳಗೆ ಹೋಗೋವಾಗ ಚದುರಿ ಹೋಗ್ತಿದೆ. ಎಷ್ಟು ಕೇಳಿಸ್ತದೆ ಅಂತ ಈ ಗೆರೆ ನೋಡಿ ಹೇಳೋಕಾಗಲ್ಲ" ಎಂದೆ. ಬರೀ ಈ ಗ್ರಾಫ್ ನೋಡಿ ಕಿವಿಗೆ ಶ್ರವಣ ಸಾಧನ ಹಾಕಿಸಬೇಡಿ ಅಂತಲೂ ಹೇಳಿದೆ. ಕಾಮಾಲೆಯಾದ ಕೆಲವು ಮಕ್ಕಳಲ್ಲಿ ಅಲೆಗಳು ತಿಂಗಳುಗಳ ಮೇಲೆ ಮೂಡುತ್ತವೆ.

"ಹಂಗಾರ ತಾಟಿಗೆ ಬೆಚ್ಚಿದ್ದು ಸುಳ್ಳಲ್ಲ" ಎಂದರು ಅಜ್ಜಿ. ಸುಳ್ಳಲ್ಲ ಅಂತ ಅವರ ಕೈ ಹಿಡಿದು ಹೇಳಿದೆ. ಯಾವ ಸದ್ದಿಗೆ ಏನು ಮಾಡಿದ ಅಂತ ದಿನಾ ಗಮನಿಸಿ ಬರೆದಿಡಲು ಒಂದು ನೋಟ್‌ಬುಕ್ ಕೊಟ್ಟೆ.

ಮೂರು ತಿಂಗಳ ಮೇಲೆ ಮತ್ತೆ ಬಂದರು. ಬಲಗಿವಿಯಲ್ಲಿ 80 ಡೆಸಿಬೆಲ್‌ಗೆ ಸಣ್ಣದೊಂದು ಐದನೇ ಅಲೆ, ತಡವಾಗಿ. ಎರಡು ಸಲ ತೆಗೆದೆ, ಎರಡೂ ಒಂದರ ಮೇಲೊಂದು ಕೂತವು. ಎಡಗಿವಿಯಲ್ಲಿ ಇನ್ನೂ ಇಲ್ಲ. ಮುಂದಿನ ಪರೀಕ್ಷೆ ಫೆಬ್ರವರಿಯಲ್ಲಿದೆ.