ರಜೆಯಲ್ಲಿ ಮನೆಯಲ್ಲೇ ಫೋಟೋ ಅಸೈನ್‌ಮೆಂಟ್: ನಾನು ಮಾಡಿದ್ದು ಹೀಗೆ

ಜರ್ನಲಿಸಂ ಓದುವವರಿಗೆ ಫೋಟೋಗ್ರಫಿ ಪೇಪರ್ ಇರುವ ಸೆಮಿಸ್ಟರಿನಲ್ಲಿ ಒಂದು ಪೀಕಲಾಟ ಇದ್ದೇ ಇರುತ್ತದೆ. ಊರಿಗೆ ಬಸ್ ಹತ್ತುವ ದಿನವೇ ಅಸೈನ್‌ಮೆಂಟ್ ಕೊಡುತ್ತಾರೆ. ನಮಗೆ ದೀಪಾವಳಿ ರಜೆಗೆ ಕೊಟ್ಟಿದ್ದು ಮೂರು. ಮನೆಯೊಳಗಿನ ಬೆಳಕಿನ ಮೇಲೆ ಆರು ಫೋಟೋ. ಒಂದು ಕೋಣೆಯನ್ನೇ ಕ್ಯಾಮೆರಾ ಮಾಡುವುದು. ಕ್ಯಾಮೆರಾನೇ ಇಲ್ಲದೆ ಒಂದು ಚಿತ್ರ. ನನ್ನ ಹತ್ತಿರ ಇದ್ದದ್ದು ಅಣ್ಣ ಬಿಟ್ಟುಕೊಟ್ಟ ಹಳೆ ಫೋನ್. ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ, ಹೆಂಚಿನ ಮನೆ. ಈಗ ಜೂನಿಯರ್‌ಗಳು ‘ಅಕ್ಕಾ, ನೀವು ಹೇಗೆ ಮಾಡಿದ್ರಿ?’ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಎರಡು ದಿನ ನಾನು ಮಾಡಿದ್ದು ದಂಡ. ಹಿತ್ತಾಳೆ ಚೊಂಬು, ಅಟ್ಟದ ಮೇಲಿನ ತೊಟ್ಟಿಲು, ಅಜ್ಜನ ರೇಡಿಯೋ, ಹೀಗೆ ‘ಚೆಂದದ ವಸ್ತು’ ಹುಡುಕಿ ಹುಡುಕಿ ಫೋಟೋ ತೆಗೆದೆ. ನೋಡಿದರೆ ಎಲ್ಲವೂ ಪಾತ್ರೆ ಅಂಗಡಿಯ ಕ್ಯಾಲೆಂಡರ್ ಥರ ಇದ್ದವು. ಮೂರನೇ ದಿನ ಅಡುಗೆಮನೆಯಲ್ಲಿ ಸುಮ್ನೆ ಕೂತಿದ್ದೆ. ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದಳು. ಮಾಡಿನಲ್ಲಿ ಒಂದು ಗಾಜಿನ ಹೆಂಚಿದೆ. ಅದರಿಂದ ಇಳಿದ ಮೊರದಗಲದ ಬಿಸಿಲು ಅಕ್ಕಿ ಡಬ್ಬದ ಮೇಲಿತ್ತು. ನೋಡುತ್ತಾ ಇದ್ದಂತೆ ಡಬ್ಬ ಬಿಟ್ಟು ನೆಲಕ್ಕೆ ಬಂತು, ನೆಲದಿಂದ ಅಜ್ಜಿಯ ಮೊಣಕಾಲಿಗೆ ಬಂತು, ಆಮೇಲೆ ಕಡೆಗೋಲಿಗೆ.

ಅಲ್ಲಿಂದ ನನ್ನ ಕೆಲಸ ತಿರುಗಿತು. ನೀವೂ ಇಲ್ಲಿಂದಲೇ ಶುರು ಮಾಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದಿಡೀ ದಿನ ಫೋಟೋ ತೆಗೆಯದೆ, ಯಾವ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಬರೆಯಿರಿ. ನನ್ನದರಲ್ಲಿ ಹೀಗಿದೆ: ‘7.40 ಬಚ್ಚಲ ಕಿಟಕಿ, ಹಂಡೆಯ ಹೊಗೆಯಲ್ಲಿ ಕೋಲು ಕೋಲಾಗಿ. 10.20 ಕಡೆಗೋಲು. 4.15 ಜಗಲಿ ಕಂಬ.’ ಹೆಂಚಿನ ಬಿಸಿಲು ನಿಂತಲ್ಲಿ ನಿಲ್ಲುವುದಿಲ್ಲ. ಸೂರ್ಯ ಗಂಟೆಗೆ 15 ಡಿಗ್ರಿ ಪಶ್ಚಿಮಕ್ಕೆ ಸರಿದರೆ ನೆಲದ ಮೇಲಿನ ಬಿಸಿಲು ಪೂರ್ವಕ್ಕೆ ಜಾರುತ್ತದೆ. ನಮ್ಮ ಮಾಡು ಸುಮಾರು 13 ಅಡಿ ಎತ್ತರ. ಅಷ್ಟು ಎತ್ತರಕ್ಕೆ ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಬೆರಳಗಲ ಸರಿಯುತ್ತದೆ. ಅಂದರೆ ಬೆಣ್ಣೆಯ ಮೇಲೆ ಬೆಳಕು ಬೇಕಿದ್ದರೆ ನಿಮಗೆ ಸಿಗುವುದು ಸ್ವಲ್ಪವೇ ಹೊತ್ತು. ಫೋನ್ ಚಾರ್ಜ್‌ಗೆ ಹಾಕಿ ಮರೆತರೆ ನಾಳೆಯೇ ಗತಿ.

ನಾಳೆ ಅಂದೆ, ಆರು ತಿಂಗಳ ನಂತರ ಅಂದುಕೊಳ್ಳಬೇಡಿ. ಅದೇ ಫೋಟೋ ಇನ್ನೂ ಚೆನ್ನಾಗಿ ತೆಗೆಯೋಣ ಅಂತ ಮೇ ತಿಂಗಳಲ್ಲಿ ಕೂತರೆ ಬಿಸಿಲು ಏಳೆಂಟು ಅಡಿ ದಕ್ಷಿಣಕ್ಕೆ ಹೋಗಿ ಒಲೆಯ ಕಟ್ಟೆ ಮೇಲೆ ಬೀಳುತ್ತಿತ್ತು! ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನಲ್ಲ, ಅದಕ್ಕೆ.

ತೆಗೆಯುವಾಗ ಒಂದು ವಿಷಯ ನೆನಪಿಡಿ. ಫೋನ್ ತಾನಾಗಿಯೇ ಕತ್ತಲೆಯನ್ನು ಬೆಳಗಿಸಲು ನೋಡುತ್ತದೆ. ಆಗ ಬಿಸಿಲು ಬಿದ್ದ ಜಾಗ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಪರದೆಯ ಮೇಲೆ ಬಿಸಿಲಿರುವ ಜಾಗವನ್ನೇ ಒತ್ತಿ. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆ ಎಳೆಯಿರಿ. ಗೋಡೆಯ ಮಸಿ, ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲ, ಮಿಕ್ಸಿ ಎಲ್ಲ ಕತ್ತಲೆಗೆ ಹೋಗುತ್ತವೆ. ಅಜ್ಜಿಯ ಕೈ, ಹಗ್ಗ, ಬೆಣ್ಣೆ ಅಷ್ಟೇ ಉಳಿಯುತ್ತವೆ. ಲೆನ್ಸ್ ಒರೆಸಲು ಮರೆಯಬೇಡಿ. ಅಡುಗೆಮನೆಯಲ್ಲಿ ಹತ್ತು ನಿಮಿಷ ಇದ್ದರೆ ಸಾಕು, ಅದರ ಮೇಲೆ ಜಿಡ್ಡು ಕೂರುತ್ತದೆ. ಟ್ರೈಪಾಡ್ ಇಲ್ಲವಾ? ಬಟ್ಟೆ ಚೀಲಕ್ಕೆ ಎರಡು ಸೇರು ಅಕ್ಕಿ ತುಂಬಿ ಬಾಯಿ ಕಟ್ಟಿ, ಅದರಲ್ಲಿ ಫೋನ್ ಹುದುಗಿಸಿ 2 ಸೆಕೆಂಡಿನ ಟೈಮರ್ ಇಡಿ.

ಮನೆಯವರು ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ನಮ್ಮಜ್ಜಿ ‘ತಡಿಯೇ, ಬೇರೆ ಸೀರೆ ಉಟ್ಟು ಬರ್ತೀನಿ’ ಅಂತ ಎದ್ದೇ ಹೋದಳು. ಅವತ್ತಿನ ಬಿಸಿಲೂ ಹೋಯಿತು. ಮರುದಿನ ಅವಳು ಕೂರುವ ಮೊದಲೇ ಫೋನ್ ಇಟ್ಟು, ನಾನು ಪಕ್ಕದಲ್ಲಿ ಬೀನ್ಸ್ ಸೋಸುತ್ತಾ ಕೂತೆ.

ಕೋಣೆಯನ್ನು ಕ್ಯಾಮೆರಾ ಮಾಡುವುದು ಹೆಂಚಿನ ಮನೆಯಲ್ಲಿ ಆಗದ ಮಾತು, ಸಂದುಸಂದಿನಲ್ಲೂ ಬೆಳಕು ಸೋರುತ್ತದೆ. ಚಿಕ್ಕಪ್ಪನ ತಾರಸಿ ಮನೆಗೆ ಹೋದೆ. ಕಿಟಕಿ ಒಂದೇ ಇರುವ ಕೋಣೆ ಆರಿಸಿ. ಎದುರಿಗೆ ಬಿಸಿಲು ಬಿದ್ದ ಮರವೋ ಮನೆಯೋ ಇರಲಿ. ಕಿಟಕಿಗೆ ರಟ್ಟು, ಅದರ ಮೇಲೆ ಕಪ್ಪು ಟಾರ್ಪಾಲ್ ಹೊದಿಸಿ, ಬಾಗಿಲ ಸಂದಿಗೆ ಕಂಬಳಿ ತುರುಕಿ. ರಟ್ಟಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ತೂತು ಕೊರೆದು, ಕಣ್ಣು ಕತ್ತಲೆಗೆ ಹೊಂದುವ ತನಕ ಹತ್ತು ನಿಮಿಷ ಸುಮ್ಮನೆ ಕೂತಿರಿ. ಎದುರು ಗೋಡೆಯ ಮೇಲೆ ಅಡಿಕೆ ಮರಗಳು ತಲೆಕೆಳಗಾಗಿ ತೂಗಾಡುತ್ತವೆ. ಬೆಳಕು ನೇರವಾಗಿ ಚಲಿಸುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಗೈಡ್‌ಗಳು ತೋರಿಸುತ್ತಾರಲ್ಲ, ಇದೂ ಅದೇ ಆಟ. ತೂತು ಸಣ್ಣದಾದರೆ ಚಿತ್ರ ಚೂಪಾಗುತ್ತದೆ, ಆದರೆ ಮಂಕಾಗುತ್ತದೆ. ಅಕ್ಕಿ ಚೀಲದ ಮೇಲೆ ಫೋನ್ ಇಟ್ಟು ನೈಟ್ ಮೋಡ್‌ನಲ್ಲಿ ತೆಗೆಯಿರಿ.

ಕ್ಯಾಮೆರಾ ಇಲ್ಲದ ಚಿತ್ರ ನನಗೆ ಎಲ್ಲಕ್ಕಿಂತ ಇಷ್ಟವಾಯಿತು, ಯಾಕೆಂದರೆ ಸಾಮಾನೆಲ್ಲ ಮನೆಯಲ್ಲೇ ಇತ್ತು. ಗಿಡದ ರಸ ಬಳಿದ ಕಾಗದವನ್ನು ಬಿಸಿಲಿಗಿಟ್ಟು ಚಿತ್ರ ಮೂಡಿಸುವುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಬರೆದಿದ್ದ. ಅವನು ಹೂವಿನ ರಸ ಹಿಂಡಿದ, ನಾನು ಅರಿಶಿನದ ಡಬ್ಬಕ್ಕೆ ಕೈ ಹಾಕಿದೆ. ಒಂದು ದೊಡ್ಡ ಚಮಚ ಅರಿಶಿನ ಪುಡಿಯನ್ನು ಕಾಲು ಲೋಟ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಈ ಕೆಲಸ ಬೇಡವೇ ಬೇಡ. ದಪ್ಪ ಡ್ರಾಯಿಂಗ್ ಹಾಳೆಗೆ ಬ್ರಷ್‌ನಲ್ಲಿ ಒಂದೇ ಸಮ ಬಳಿದು ಕತ್ತಲೆಯಲ್ಲಿ ಒಣಗಿಸಿ. ಮೇಲೆ ಒಂದು ಎಲೆ ಇಡಿ. ನಾನು ಇಟ್ಟಿದ್ದು ಚಿಕ್ಕವರಿದ್ದಾಗ ಕೈಗೆ ಒತ್ತಿಕೊಂಡು ಬಿಳಿ ಅಚ್ಚು ಬೀಳಿಸುತ್ತಿದ್ದೆವಲ್ಲ, ಆ ಜರಿ ಎಲೆ. ಎಲೆ ಅಲ್ಲಾಡದಂತೆ ಹಳೆ ಫೋಟೋ ಫ್ರೇಮಿನ ಗಾಜು ಹೇರಿ, ನಡುಮಧ್ಯಾಹ್ನದ ಬಿಸಿಲಿಗೆ ಎರಡು ಮೂರು ಗಂಟೆ ಇಡಿ. ಬಿಸಿಲು ತಾಗಿದ ಕಡೆ ಹಳದಿ ಮಾಸುತ್ತದೆ, ಎಲೆಯ ಕೆಳಗೆ ಗಾಢವಾಗಿಯೇ ಉಳಿಯುತ್ತದೆ.

ಆದರೆ ಹಳದಿಯ ಮೇಲೆ ಹಳದಿ, ಅಷ್ಟು ಎದ್ದು ಕಾಣುವುದಿಲ್ಲ. ಅಮ್ಮ ಬಂದು ನೋಡಿ, ‘ಆರತಿ ನೀರಿಗೆ ಏನು ಹಾಕ್ತಾರೆ ಗೊತ್ತಿಲ್ವಾ ನಿಂಗೆ?’ ಅಂದಳು. ಸುಣ್ಣ! ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಎಲೆ ಅಡಿಕೆ ತಟ್ಟೆಯಿಂದ ಉಗುರಿನಷ್ಟು ಸುಣ್ಣ ತೆಗೆದು ನೀರಿಗೆ ಹಾಕಿ, ತಿಳಿಯಾದ ಮೇಲಿನ ನೀರನ್ನು ಬ್ರಷ್‌ನಲ್ಲಿ ಹಗುರಾಗಿ ಸವರಿದೆ. ಜರಿ ಎಲೆಯ ಒಂದೊಂದು ಹಲ್ಲೂ ಕಂದುಗೆಂಪಾಗಿ ಎದ್ದು ಬಂತು. ಸುಣ್ಣದ ನೀರು ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಇನ್ನು ಸಲ್ಲಿಸುವ ಮಾತು. ನಾನು ಬೆಳಕಿನ ಆರು ಫೋಟೋಗಳನ್ನು ಗೆಳತಿಗೆ ಮೆಸೇಜಿನಲ್ಲಿ ಕಳಿಸಿ ಅವಳ ಕೈಯಲ್ಲಿ ಪ್ರಿಂಟ್ ಹಾಕಿಸಿದೆ. ಹಾಗೆ ಕಳಿಸಿದಾಗ ಫೋಟೋ ಕುಗ್ಗಿಬಿಟ್ಟಿತ್ತು. ಅಜ್ಜಿಯ ಕೈಯ ನರಗಳೆಲ್ಲ ಗಂಜಿಯಂತೆ ಕದಡಿಹೋಗಿದ್ದವು, ಎರಡು ಮಾರ್ಕ್ಸ್ ಹೋಯಿತು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲಾ ಪೆನ್‌ಡ್ರೈವ್ ಕೊಡಿ. 8 ಇಂಚು 12 ಇಂಚಿನ ಪ್ರಿಂಟ್ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಬರಬೇಕಾದರೆ 2400 ಗುಣಿಸು 3600 ಪಿಕ್ಸೆಲ್ ಬೇಕು. ಪ್ರಿಂಟಿನ ಹಿಂದೆ ಸಮಯ, ಬೆಳಕು ಬಂದ ದಿಕ್ಕು ಬರೆಯಿರಿ. ವೈವಾದಲ್ಲಿ ನನಗೆ ಅದನ್ನೇ ಕೇಳಿದ್ದು.

ಅರಿಶಿನದ ಹಾಳೆಯನ್ನು ಮಾತ್ರ ಕೊಡುವ ಮೊದಲು ಸ್ಕ್ಯಾನ್ ಮಾಡಿಸಿ. ನನ್ನದನ್ನು ಕಾರಿಡಾರಿನಲ್ಲಿ, ಸರಿಯಾಗಿ ಸಂಜೆ ಬಿಸಿಲು ಹೊಡೆಯುವ ಗೋಡೆಗೆ ಅಂಟಿಸಿದರು. ವಾರ ಕಳೆದು ಹೋಗಿ ನೋಡಿದರೆ ಜರಿ ಎಲೆ ಇರಲಿಲ್ಲ. ಹೆಸರಿನ ಚೀಟಿ ಅಂಟಿಸಿದ್ದ ಜಾಗದಲ್ಲಿ ಮಾತ್ರ, ಚೀಟಿ ಕಿತ್ತರೆ, ಚೌಕಾಕಾರದ ಅಚ್ಚ ಬಣ್ಣ.