ಹ್ಯಾಕ್ ಆದ ಅಕೌಂಟ್: ಮೊದಲು ಸಿಮ್, ಆಮೇಲೆ ಮೇಲ್, ಪಾಸ್‌ವರ್ಡ್ ಕೊನೆಗೆ

ತಿಪಟೂರಿನಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಡಿಸ್‌ಪ್ಲೇ ಬದಲಿಸುವುದು, ರೀಚಾರ್ಜ್ ಮಾಡುವುದು ಕೆಲಸ. ಆದರೆ ಈಚೆಗೆ "ಅಣ್ಣಾ, ನನ್ನ ಇನ್‌ಸ್ಟಾ ಹೋಯ್ತು", "ನನ್ನ ಹೆಸರಲ್ಲಿ ಯಾರೋ ಎಲ್ಲರ ಹತ್ರ ದುಡ್ಡು ಕೇಳ್ತಿದ್ದಾರೆ" ಅಂತ ಬರುವವರು ಜಾಸ್ತಿಯಾಗಿದ್ದಾರೆ. ಬರುವಾಗಲೇ ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಲು ಒದ್ದಾಡುತ್ತಿರುತ್ತಾರೆ. ನಾನು ಫೋನ್ ಕೈಗೆ ತೆಗೆದುಕೊಳ್ಳುವ ಮೊದಲು ಎರಡೇ ಪ್ರಶ್ನೆ ಕೇಳುತ್ತೇನೆ. ಸಿಮ್‌ಗೆ ಮೆಸೇಜ್ ಬರ್ತಿದೆಯಾ? ಆ ಅಕೌಂಟಿಗೆ ಕೊಟ್ಟಿದ್ದ ಜಿಮೇಲ್ ತೆರೆಯುತ್ತಾ?

ಈ ಎರಡು ನಿಮ್ಮ ಕೈಯಲ್ಲಿದ್ದರೆ ಅಕೌಂಟ್ ವಾಪಸ್ ಬರುವ ಸಾಧ್ಯತೆ ಚೆನ್ನಾಗಿದೆ. ಮೇಲ್ ಕಳ್ಳನ ಹತ್ತಿರ ಇದ್ದರೆ ನೀವು ಎಂಥ ಪಾಸ್‌ವರ್ಡ್ ಹಾಕಿದರೂ ಅವನು "ಫರ್ಗಾಟ್ ಪಾಸ್‌ವರ್ಡ್" ಒತ್ತುತ್ತಾನೆ. ಹೊಸ ಲಿಂಕ್ ಹೋಗುವುದು ಅವನು ನೋಡುತ್ತಿರುವ ಮೇಲ್‌ಗೇ ಅಲ್ವಾ?

ಸಿಮ್‌ನಿಂದ ಶುರು ಮಾಡಿ. ಎಲ್ಲರ ಫೋನಿನಲ್ಲೂ ನೆಟ್‌ವರ್ಕ್ ಇದೆ, ನಿಮ್ಮದರಲ್ಲಿ ಮಾತ್ರ ಗಂಟೆಗಟ್ಟಲೆ ಇಲ್ಲ ಅಂದರೆ ನಿಮ್ಮ ಹೆಸರಲ್ಲಿ ಬೇರೆಯವರು ಅದೇ ನಂಬರಿನ ಸಿಮ್ ತೆಗೆಸಿರಬಹುದು. ಆಧಾರ್ ಹಿಡಿದು ನೇರ ಕಂಪನಿಯ ಸ್ಟೋರ್‌ಗೆ ಹೋಗಿ. ಹೋಗುವ ದಾರಿಯಲ್ಲೇ ಬ್ಯಾಂಕಿಗೂ ಫೋನ್ ಮಾಡಿಸಿ. ನೆಟ್‌ವರ್ಕ್ ಇದ್ದರೆ *#21# ಒತ್ತಿ, ಕಾಲ್ ಫಾರ್ವರ್ಡಿಂಗ್ ಆನ್ ಇದೆಯಾ ನೋಡಿ. ಇದ್ದರೆ ##002# ಒತ್ತಿ ತೆಗೆಯಿರಿ. ಹೋಗದಿದ್ದರೆ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ವಾಟ್ಸಾಪ್ ಕೋಡನ್ನು ಕರೆ ಮಾಡಿಯೂ ಹೇಳುತ್ತದೆ. ನಿಮ್ಮ ಕರೆ ಕಳ್ಳನ ನಂಬರಿಗೆ ಹೋಗುವಂತಾಗಿದ್ದರೆ ನೀವು ಯಾರಿಗೂ ಓಟಿಪಿ ಹೇಳದೆಯೇ ಅಕೌಂಟ್ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ, ಪ್ರಿಯಾಂಕಾ ದಂಪತಿಯ ವಾಟ್ಸಾಪ್ ಹೋದ ಸುದ್ದಿ ನೆನಪಿರಬಹುದು. ಡೆಲಿವರಿ ಹೆಸರಲ್ಲಿ ಕರೆ ಬಂದು, ಹ್ಯಾಶ್ ಇರುವ ನಂಬರ್ ಒತ್ತಿಸಿದ್ದರು. ಅದಾದ ಮೇಲೆ ಪರಿಚಯದವರಿಗೆಲ್ಲ ದುಡ್ಡು ಕೇಳಿ ಮೆಸೇಜ್ ಹೋಗಿತ್ತು.

ಇನ್ನೊಂದು, ಮದುವೆ ಕರೆಯೋಲೆ ಅಂತಲೋ ಟ್ರಾಫಿಕ್ ಚಲನ್ ಅಂತಲೋ ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್) ಇನ್‌ಸ್ಟಾಲ್ ಮಾಡಿದ್ದೀರಾ? ಹಾಗಿದ್ದರೆ ಆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ನಿಮ್ಮ ಓಟಿಪಿ ಎಲ್ಲ ಅದು ಓದಿ ಕಳಿಸುತ್ತಿರುತ್ತದೆ. ಆ ಫೋನ್ ಸ್ವಚ್ಛವಾಗುವವರೆಗೆ ಮುಂದಿನ ಯಾವ ಕೆಲಸವನ್ನೂ ಅದರಲ್ಲಿ ಮಾಡಬೇಡಿ. ಸಿಮ್ ತೆಗೆದು ಮನೆಯವರ ಫೋನಿಗೆ ಹಾಕಿಕೊಳ್ಳಿ. ಆ್ಯಪ್ ಅನ್‌ಇನ್‌ಸ್ಟಾಲ್ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ "ಡಿವೈಸ್ ಅಡ್ಮಿನ್" ಪಟ್ಟಿಯಿಂದ ಅದನ್ನು ತೆಗೆದು ಮತ್ತೆ ನೋಡಿ. ಆದರೂ ಹಟ ಮಾಡಿದರೆ ಫೋಟೋ ಉಳಿಸಿಕೊಂಡು ಫೋನ್ ರಿಸೆಟ್ ಹೊಡೆಯಿರಿ. ನಾನಂತೂ ರಿಸೆಟ್ ಮಾಡಿಸಿಯೇ ಕಳಿಸುವುದು.

ಈಗ ಮೇಲ್. ಹೆಚ್ಚಿನವರು ಇಲ್ಲಿ ಅವಸರ ಮಾಡುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಿಮೇಲ್ ತೆರೆದರೆ ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ. "ಯುವರ್ ಡಿವೈಸಸ್" ಪಟ್ಟಿಯಲ್ಲಿ ನಿಮ್ಮದಲ್ಲದ ಫೋನ್, ಕಂಪ್ಯೂಟರ್ ಇದ್ದರೆ ಸೈನ್ ಔಟ್ ಮಾಡಿ. ರಿಕವರಿ ನಂಬರ್, ರಿಕವರಿ ಮೇಲ್ ನಿಮ್ಮದೇನಾ ನೋಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ "ಫಿಲ್ಟರ್ಸ್" ಮತ್ತು "ಫಾರ್ವರ್ಡಿಂಗ್" ನೋಡಲೇಬೇಕು. ಜಾಣ ಕಳ್ಳರು ಇನ್‌ಸ್ಟಾಗ್ರಾಂನಿಂದ ಬಂದ ಮೇಲ್ ಎಲ್ಲ ನೇರ ಕಸದ ಬುಟ್ಟಿಗೆ ಹೋಗುವಂತೆ ಒಂದು ಫಿಲ್ಟರ್ ಇಟ್ಟು ಹೋಗಿರುತ್ತಾರೆ. "ಕೋಡೇ ಬರ್ತಿಲ್ಲ" ಅಂತ ನೀವು ಕಾಯುತ್ತಾ ಕೂತಿರುತ್ತೀರಿ. ಕೋಡ್ ಬಂದು ಡಿಲೀಟ್ ಆಗಿರುತ್ತದೆ!

ಜಿಮೇಲೇ ಹೋಗಿದ್ದರೆ ಗೂಗಲ್‌ನ ಅಕೌಂಟ್ ರಿಕವರಿ ಪುಟವೇ ದಾರಿ. ಅದನ್ನು ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿ ನಾನು ಮಾಡಿಕೊಡುವುದಿಲ್ಲ. ಮನೆಗೆ ಹೋಗಿ, ದಿನಾ ಬಳಸುವ ಫೋನಿನಲ್ಲಿ, ದಿನಾ ಬಳಸುವ ವೈಫೈನಲ್ಲಿ ಮಾಡಿ ಅಂತ ವಾಪಸ್ ಕಳಿಸುತ್ತೇನೆ. ಪರಿಚಯದ ಜಾಗ, ಪರಿಚಯದ ಫೋನ್ ಅಂದರೆ ಗೂಗಲ್ ಬೇಗ ನಂಬುತ್ತದೆ. ಕಳ್ಳ ರಿಕವರಿ ನಂಬರ್ ಬದಲಿಸಿದ್ದರೂ 7 ದಿನದವರೆಗೆ ನಿಮ್ಮ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಕೊಡಬಹುದು. ಹಾಗಾಗಿ ವಾರ ತಡ ಮಾಡಬೇಡಿ.

ಸಿಮ್, ಮೇಲ್ ಎರಡೂ ಕೈಗೆ ಬಂದ ಮೇಲೆ ಅಕೌಂಟ್.

ವಾಟ್ಸಾಪ್ ಸುಲಭ. ಆ್ಯಪ್ ತೆರೆದು ನಿಮ್ಮ ನಂಬರ್ ಹಾಕಿ, ಎಸ್ಸೆಮ್ಮೆಸ್‌ನಲ್ಲಿ ಬಂದ ಆರಂಕಿ ಕೋಡ್ ಹಾಕಿ. ಆ ಕ್ಷಣಕ್ಕೆ ಕಳ್ಳ ಹೊರಗೆ. ಆಮೇಲೆ ನಿಮಗೆ ಗೊತ್ತಿಲ್ಲದ ಪಿನ್ ಕೇಳಿದರೆ ಅದನ್ನು ಅವನು ಇಟ್ಟಿದ್ದಾನೆ ಅಂತ. 7 ದಿನ ಕಾಯಬೇಕು, ಬೇರೆ ದಾರಿ ಇಲ್ಲ. ಆದರೆ ಆ 7 ದಿನ ಅವನೂ ಒಳಗೆ ಇರುವುದಿಲ್ಲ, ಗಾಬರಿ ಬೇಡ. ಸುಮ್ನೆ ಊಹೆ ಮಾಡಿ ಪಿನ್ ಒತ್ತುತ್ತಾ ಕೂರಬೇಡಿ. ಕೆಲವರಿಗೆ ವಾಟ್ಸಾಪ್ ಮಾಮೂಲಿಯಂತೆ ನಡೆಯುತ್ತಿರುತ್ತದೆ, ಆದರೂ ಮೆಸೇಜ್ ಹೊರಗೆ ಹೋಗುತ್ತಿರುತ್ತದೆ. ಅಂಥವರು "ಲಿಂಕ್ಡ್ ಡಿವೈಸಸ್" ತೆರೆದು ಗೊತ್ತಿಲ್ಲದ್ದನ್ನೆಲ್ಲ ಲಾಗೌಟ್ ಮಾಡಬೇಕು. "ನಿಮ್ಮ ಫೋಟೋ ಇಲ್ಲಿದೆ ನೋಡಿ", "ನಮ್ಮ ಪಾಪುಗೆ ವೋಟ್ ಮಾಡಿ" ಅನ್ನುವ ಲಿಂಕ್ ಒತ್ತಿ, ಎಂಟಕ್ಷರದ ಕೋಡ್ ಹಾಕಿದವರ ಕಥೆ ಸಾಮಾನ್ಯವಾಗಿ ಇದೇ.

ಇನ್‌ಸ್ಟಾಗ್ರಾಂನಲ್ಲಿ ಮೊದಲು ಮೇಲ್ ಹುಡುಕಿ. ನಿಮ್ಮ ಮೇಲ್ ವಿಳಾಸ ಬದಲಾದಾಗ "ಸೆಕ್ಯುರಿಟಿ ಅಟ್ ಮೇಲ್ ಡಾಟ್ ಇನ್‌ಸ್ಟಾಗ್ರಾಂ ಡಾಟ್ ಕಾಮ್" ವಿಳಾಸದಿಂದ ಒಂದು ಮೇಲ್ ಹಳೆಯ ವಿಳಾಸಕ್ಕೆ ಬಂದಿರುತ್ತದೆ. ಅದರಲ್ಲೇ ಬದಲಾವಣೆ ರದ್ದು ಮಾಡುವ ಲಿಂಕ್ ಇರುತ್ತದೆ. ಅದು ಸಿಗದಿದ್ದರೆ "ಇನ್‌ಸ್ಟಾಗ್ರಾಂ ಡಾಟ್ ಕಾಮ್ ಸ್ಲ್ಯಾಶ್ ಹ್ಯಾಕ್ಡ್" ಪುಟ. ನಿಮ್ಮ ಮುಖ ಇರುವ ಫೋಟೋಗಳು ಅಕೌಂಟಿನಲ್ಲಿದ್ದರೆ ವಿಡಿಯೊ ಸೆಲ್ಫಿ ಕೇಳುತ್ತದೆ. ಬೆಳಕಿಗೆ ಮುಖ ಮಾಡಿ, ಕನ್ನಡಕ ತೆಗೆದು, ಹೇಳಿದ ಕಡೆಗೆ ನಿಧಾನಕ್ಕೆ ತಲೆ ತಿರುಗಿಸಿ. ನಮ್ಮೂರಲ್ಲಿ ಒಬ್ಬ ಅಕ್ಕ ಇನ್‌ಸ್ಟಾದಲ್ಲಿ ಸೀರೆ ಮಾರುತ್ತಾರೆ. ಪೇಜಿನ ತುಂಬ ಸೀರೆಗಳೇ, ಅವರ ಮುಖದ ಒಂದು ಫೋಟೋ ಇರಲಿಲ್ಲ. ಅಂಥವರಿಗೆ ಅಕೌಂಟ್ ಶುರು ಮಾಡುವಾಗ ಕೊಟ್ಟಿದ್ದ ಮೇಲ್, ನಂಬರ್, ಯಾವ ಫೋನಿನಿಂದ ಮಾಡಿದ್ದು ಅಂತ ಕೇಳುತ್ತದೆ. ಉತ್ತರ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ವ್ಯಾಪಾರದ ಪೇಜ್ ಇದ್ದವರು ನಿಮ್ಮ ಮುಖದ ಒಂದೆರಡು ಪೋಸ್ಟ್ ಈಗಲೇ ಹಾಕಿಡಿ.

ಫೇಸ್‌ಬುಕ್‌ಗೂ ಅದೇ "ಹ್ಯಾಕ್ಡ್" ಪುಟ ಇದೆ, ಹಿಂದೆ ಲಾಗಿನ್ ಆಗಿದ್ದ ಫೋನಿನಿಂದಲೇ ತೆರೆಯಿರಿ. ಜಾಹೀರಾತಿಗೆ ಕಾರ್ಡ್ ಕೊಟ್ಟಿದ್ದರೆ ಮೊದಲು ಆ ಕಾರ್ಡ್ ಬ್ಲಾಕ್ ಮಾಡಿಸಿ. ಎಕ್ಸ್‌ನಲ್ಲಿ (ಹಳೆಯ ಟ್ವಿಟರ್) ತಾಳ್ಮೆ ಬೇಕು. 2025ರ ಫೆಬ್ರುವರಿಯಲ್ಲಿ ಹೋದ ಗಾಯಕಿ ಶ್ರೇಯಾ ಘೋಷಾಲ್ ಅವರ ಅಕೌಂಟ್ ವಾಪಸ್ ಬಂದಿದ್ದು ಏಪ್ರಿಲ್‌ನಲ್ಲಿ.

ಇಷ್ಟೆಲ್ಲ ನೀವು ಮಾಡುವಾಗ ಮನೆಯ ಇನ್ನೊಬ್ಬರು ಬೇರೆ ಫೋನಿನಿಂದ ನೆಂಟರು, ಸ್ನೇಹಿತರಿಗೆಲ್ಲ ಕರೆ ಮಾಡಲಿ. ಸಂಬಂಧಿಕರ ಗ್ರೂಪಿನಲ್ಲೂ ಹಾಕಲಿ. ಕಳ್ಳ ಕಳಿಸಿದ ಮೆಸೇಜ್, ಅವನು ಕೊಟ್ಟ ಯುಪಿಐ ಐಡಿ, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಸಿಟ್ಟುಕೊಳ್ಳಿ. ಯಾರಾದರೂ ದುಡ್ಡು ಹಾಕಿಬಿಟ್ಟಿದ್ದರೆ, ಹಾಕಿದವರೇ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಹೋಗಿದ್ದು ಅವರ ಬ್ಯಾಂಕಿನಿಂದ, ವಿವರ ಇರುವುದು ಅವರ ಹತ್ತಿರ. ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆದರೆ ಉಂಟು. ನಿಮ್ಮ ದೂರನ್ನು ನೀವು ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹಾಕಿ, ಅಥವಾ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ನಮಗೆ ಅದು ತುಮಕೂರಿನಲ್ಲಿದೆ. ಬೇರೆಯವರ ಪಾಸ್‌ವರ್ಡ್, ಗುರುತು ಬಳಸಿ ಮೋಸ ಮಾಡುವುದು ಐಟಿ ಕಾಯ್ದೆಯ 66ಸಿ, 66ಡಿ ಕಲಮಿಗೆ ಬರುತ್ತದೆ. 3 ವರ್ಷದವರೆಗೆ ಜೈಲು ಶಿಕ್ಷೆ ಇದೆ.

"ನನ್ನ ಅಕೌಂಟ್ ಹ್ಯಾಕ್ ಆಗಿದೆ" ಅಂತ ನೀವು ಎಲ್ಲಾದರೂ ಬರೆದರೆ ಸಾಕು, "ಈ ಎಕ್ಸ್‌ಪರ್ಟ್ ನನ್ನದು ವಾಪಸ್ ತಂದುಕೊಟ್ಟರು" ಅಂತ ಕಮೆಂಟ್‌ಗಳು ಬಂದು ಬೀಳುತ್ತವೆ. ಅವರೂ ಕಳ್ಳರೇ. ದುಡ್ಡು ಕಳಿಸಬೇಡಿ, ಸ್ಕ್ರೀನ್ ಶೇರ್ ಮಾಡಬೇಡಿ. ಓಟಿಪಿ ನನಗೂ ಹೇಳಬೇಡಿ. ಕೌಂಟರ್‌ನಲ್ಲಿ ನಿಂತು ನೀವೇ ಒತ್ತಿ, ಎಲ್ಲಿ ಒತ್ತಬೇಕು ಅಂತ ನಾನು ತೋರಿಸುತ್ತೇನೆ.

ಅಕೌಂಟ್ ವಾಪಸ್ ಬಂತು ಅಂತ ಅಲ್ಲಿಗೇ ಬಿಟ್ಟರೆ, ಬೀಗ ಬದಲಿಸಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಇನ್‌ಸ್ಟಾ, ಫೇಸ್‌ಬುಕ್‌ನ "ಅಕೌಂಟ್ಸ್ ಸೆಂಟರ್" ತೆರೆಯಿರಿ. ಅಲ್ಲಿ ಕಳ್ಳ ತನ್ನ ಅಕೌಂಟನ್ನು ನಿಮ್ಮದಕ್ಕೆ ಜೋಡಿಸಿದ್ದಾನಾ, ತನ್ನ ಮೇಲ್ ಸೇರಿಸಿದ್ದಾನಾ ನೋಡಿ ತೆಗೆಯಿರಿ. ಎಲ್ಲ ಕಡೆ ಲಾಗೌಟ್ ಮಾಡಿ. ಆಮೇಲೆ ಎರಡು ಹಂತದ ಭದ್ರತೆ ಆನ್ ಮಾಡಿ, ಪಾಸ್‌ವರ್ಡ್ ಜೊತೆ ಒಂದು ಕೋಡನ್ನೂ ಕೇಳುತ್ತದೆ. ಎಸ್ಸೆಮ್ಮೆಸ್‌ಗಿಂತ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ವಾಸಿ. ಕಳ್ಳ ಮೊದಲೇ ಅವನ ಆ್ಯಪ್ ಜೋಡಿಸಿದ್ದರೆ ಅದನ್ನು ಕಿತ್ತುಹಾಕಿ. ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಫೋನಿನ ಗ್ಯಾಲರಿಯಲ್ಲಿ ಇಡಬೇಡಿ. ಕಾಗದದಲ್ಲಿ ಬರೆದು ರೇಷನ್ ಕಾರ್ಡ್ ಜೊತೆ ಇಡಿ. ವಾಟ್ಸಾಪ್‌ನಲ್ಲಿ ಟೂ ಸ್ಟೆಪ್ ಪಿನ್ ಇಟ್ಟು, ಜೊತೆಗೆ ಮೇಲ್ ವಿಳಾಸ ಕೊಡಿ. ಪಿನ್ ಮರೆತರೆ 7 ದಿನ ಕಾಯದೆ ಬದಲಿಸಲು ಆ ಮೇಲ್ ವಿಳಾಸವೇ ಗತಿ.

ಕೊನೆಯದು ಹಳೇ ನಂಬರ್. ಆಫರ್ ಸಿಕ್ಕಿತು ಅಂತ ಸಿಮ್ ಬದಲಿಸಿ, ಹಳೆಯದಕ್ಕೆ ರೀಚಾರ್ಜ್ ನಿಲ್ಲಿಸುವವರು ನನ್ನ ಗಿರಾಕಿಗಳಲ್ಲೇ ಬೇಕಾದಷ್ಟು ಇದ್ದಾರೆ. ಬಂದ್ ಆದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಫೇಸ್‌ಬುಕ್ ಕೋಡ್ ಯಾರದೋ ಫೋನಿಗೆ ಹೋಗುತ್ತದೆ. ಸಿಮ್ ಬಿಡುವ ಮೊದಲು ಗೂಗಲ್, ಫೇಸ್‌ಬುಕ್, ಇನ್‌ಸ್ಟಾ, ಬ್ಯಾಂಕ್ ಎಲ್ಲ ಕಡೆ ಹೊಸ ನಂಬರ್ ಹಾಕಿ. ವಾಟ್ಸಾಪ್‌ಗೆ "ಚೇಂಜ್ ನಂಬರ್" ಅಂತಲೇ ಬೇರೆ ಆಯ್ಕೆ ಇದೆ, ಅದನ್ನು ಬಳಸಿ.